ಮೊದಲು ಸೂರು, ಆಮೇಲೆ ಸುಣ್ಣ

ಮಹಾಲಯ ಅಮಾವಾಸ್ಯೆಯ ದಿನ ಮಾವನವರ ಫೋಟೋ ಮುಂದೆ ಎಡೆ ಇಟ್ಟು ಕೈಮುಗಿದು ನಿಂತಿದ್ದೆವು. ಬಾಳೆಲೆಯ ತುದಿಗೆ, ಉಪ್ಪು ಬಡಿಸಿದ ಪಕ್ಕಕ್ಕೇ, ಮೇಲಿಂದ ಒಂದು ಹನಿ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ನಮ್ಮನೆಯವರು ಮಾತಾಡದೆ ಎಲೆಯನ್ನು ಒಂದು ಗೇಣು ಈಚೆಗೆ ಎಳೆದರು. ಅದು 2025ರ ಸೆಪ್ಟೆಂಬರ್ 21. ಸಾಮಾನಿನ ಲಾರಿ ಬೆಂಗಳೂರಿಂದ ಬಂದು ಎರಡು ದಿನವಾಗಿತ್ತು. ಅರ್ಧ ಪೆಟ್ಟಿಗೆಗಳ ಹಗ್ಗವನ್ನೂ ಬಿಚ್ಚಿರಲಿಲ್ಲ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಅವರು ಕೆಎಸ್‌ಆರ್‌ಟಿಸಿ ವರ್ಕ್‌ಶಾಪಿನಲ್ಲಿದ್ದವರು. ನನಗೆ 62, ಅವರಿಗೆ 66. ಮನೆ ಇರುವುದು ಆಲೂರಿನ ಹತ್ತಿರದ ಹಳ್ಳಿಯಲ್ಲಿ. ಹಾಸನದಿಂದ ಸಕಲೇಶಪುರಕ್ಕೆ ಹೋಗುವ ದಾರಿಯ ಈ ಸೀಮೆಯನ್ನು ಅರೆಮಲೆನಾಡು ಅಂತೀವಿ. ಅತ್ತೆಯವರು ತೀರಿಕೊಂಡ ಮೇಲೆ ಏಳು ವರ್ಷ ಮನೆಗೆ ಬೀಗ. ಪಕ್ಕದಲ್ಲೇ ಇರುವ ಮೈದುನ, ಓರಗಿತ್ತಿ ಕಸ ಗುಡಿಸಿ, ಸಂಜೆ ಒಂದು ದೀಪ ಹಚ್ಚಿ ಬಾಗಿಲು ಎಳೆದುಕೊಂಡು ಹೋಗುತ್ತಿದ್ದರು. ಆ ಏಳು ವರ್ಷ ಗೋಡೆ ನಿಂತಿದ್ದಕ್ಕೆ ಅವರೇ ಕಾರಣ. ಮುಚ್ಚಿಟ್ಟ ಮಣ್ಣುಗೋಡೆ ಮನೆಗೆ ಹೊಗೆ ಬೇಕು, ಗಾಳಿ ಬೇಕು, ದಿನಾ ಒಬ್ಬರ ಓಡಾಟ ಬೇಕು.

ಹೀಗೆ ಊರಿಗೆ ಮರಳುವ ಯೋಚನೆಯಲ್ಲಿರುವವರು ಈಗ ಬಹಳ ಮಂದಿ. ಆ ಒಂದು ತಿಂಗಳಲ್ಲಿ ನಾವು ಮಾಡಿದ್ದೇನು, ಯಾವುದು ಸರಿಹೋಯಿತು, ಯಾವುದರಲ್ಲಿ ಕೈಸುಟ್ಟುಕೊಂಡೆವು ಅನ್ನುವುದನ್ನು ಅವರಿಗಾಗಿ ಬರೆಯುತ್ತಿದ್ದೇನೆ.

ಮನೆ ಕೆಲಸಕ್ಕೆ ಕೈಹಾಕುವ ಮೊದಲು ನಾವು ಮಾಡಿದ್ದು ಒಂದು ಮಾತುಕತೆ. ಖಾತೆ ಇನ್ನೂ ಮಾವನವರ ಹೆಸರಲ್ಲೇ ಇತ್ತು. ಎಡೆ ಮುಗಿದ ಮಾರನೇ ದಿನ ಅಣ್ಣ-ತಮ್ಮ, ನಾನು, ಓರಗಿತ್ತಿ ನಾಲ್ಕೂ ಜನ ಜಗಲಿಯಲ್ಲಿ ಕೂತೆವು. ಯಾವುದು ಯಾರ ಭಾಗ, ನಾವು ಹಾಕುವ ದುಡ್ಡು ಯಾವ ಲೆಕ್ಕಕ್ಕೆ, ಬಾವಿ ಇಬ್ಬರಿಗೂ ಹೇಗೆ, ಎಲ್ಲವನ್ನೂ ಬಾಯಿಬಿಟ್ಟು ಆಡಿದೆವು. ಮೈದುನ ಮೊದಲು "ಅಣ್ಣಾ, ಇದೆಲ್ಲ ಯಾಕೀಗ, ನೀನು ಮಾಡಿಸ್ಕೊ" ಅಂದರು. ನಮ್ಮನೆಯವರು ಬಿಡಲಿಲ್ಲ: "ಈಗ ನಾವು ನಾಲ್ಕು ಜನ ನಗ್ತಾ ಇದೀವಲ್ಲ, ಈಗ್ಲೇ ಆಗ್ಲಿ." ವಿಭಾಗ ಪತ್ರಕ್ಕೆ, ಆಮೇಲೆ ಪಂಚಾಯ್ತಿಯಲ್ಲಿ ಇ-ಸ್ವತ್ತು (ಹಳ್ಳಿ ಆಸ್ತಿಯ ಕಂಪ್ಯೂಟರ್ ದಾಖಲೆ) ಮಾಡಿಸಿ ನಮೂನೆ 9, 11 ತೆಗೆಸುವುದಕ್ಕೆ ಕಾಗದ ಜೋಡಿಸಲು ಶುರುಮಾಡಿದೆವು. ಅದು ತಿಂಗಳಲ್ಲಿ ಮುಗಿಯುವ ಕೆಲಸವಲ್ಲ. ಆದರೆ ಮಾತು ಮುಗಿದಿತ್ತು. ಗೋಡೆಗೆ ದುಡ್ಡು ಸುರಿದ ಮೇಲೆ ಈ ಮಾತು ಎತ್ತುವುದು ಎಷ್ಟು ಕಷ್ಟ ಅನ್ನುವುದನ್ನು ನೆಂಟರ ಎರಡು ಮನೆಗಳಲ್ಲಿ ನೋಡಿದ್ದೇನೆ.

ಆ ರಾತ್ರಿ ನೋಟ್‌ಬುಕ್ಕಿನಲ್ಲಿ ಪಟ್ಟಿ ಬರೆದೆ. ಇಪ್ಪತ್ತಮೂರು ಕೆಲಸ. ಕೈಯಲ್ಲಿದ್ದದ್ದು ನಾಲ್ಕು ಲಕ್ಷ. ಅದರಲ್ಲಿ ಎರಡೂವರೆ ಲಕ್ಷವನ್ನು ಮಕ್ಕಳು ಬಂದಾಗ ಇರಲು ಒಂದು ಹೊಸ ರೂಮು, ಅದಕ್ಕೊಂದು ಬಚ್ಚಲು ಕಟ್ಟಿಸುವುದಕ್ಕೆ ಅಂತ ಎತ್ತಿಟ್ಟಿದ್ದೆ. ಮಗಳು ಬೆಂಗಳೂರಿನ ಫ್ಲಾಟಿನಲ್ಲಿ ಬೆಳೆದವಳು. ಮೊಮ್ಮಗಳಿಗೆ ಹತ್ತು ವರ್ಷ, ಮೊಮ್ಮಗನಿಗೆ ಆರು. ಅವರಿಗೆ ಈ ಮನೆ ಒಗ್ಗದಿದ್ದರೆ ಬರುವುದನ್ನೇ ಬಿಟ್ಟಾರು ಅನ್ನುವ ಅಳುಕು ನನಗೆ. ನಮ್ಮನೆಯವರು ಪಟ್ಟಿ ನೋಡಿ, "ಮೊದ್ಲು ಸೂರು. ಸೂರು ಒಣಗದೆ ಬೇರೆ ಯಾವ್ದೂ ಬೇಡ" ಅಂದರು. ಹೆಂಚಿನ ಕೆಲಸದವರಿಗೆ ಫೋನ್ ಮಾಡಿದರೆ ವಿಜಯದಶಮಿ ಕಳೆದ ಮೇಲೆಯೇ ಬಿಡುವು ಅಂದರು.

ಅಷ್ಟು ದಿನ ಸುಮ್ಮನಿರಲು ನನ್ನಿಂದಾಗಲಿಲ್ಲ. ಮಕ್ಕಳು ಬರುವಷ್ಟರಲ್ಲಿ ನಡುಮನೆಯಾದರೂ ಲಕ್ಷಣವಾಗಿರಲಿ ಅಂತ ಪೇಂಟಿನವರನ್ನು ಕರೆಸಿ, ಗೋಡೆ ಕೆರೆಸಿ, ಪುಟ್ಟಿ ಹೊಡೆಸಿ, ಮೇಲೆ ಪ್ಲಾಸ್ಟಿಕ್ ಪೇಂಟ್ ಹಚ್ಚಿಸಿದೆ. ಮೂರು ದಿನದ ಕೆಲಸ, ಹದಿನೆಂಟು ಸಾವಿರ. ನೋಡಲು ಬಹಳ ಚೆನ್ನಾಗಿತ್ತು. ಅಕ್ಟೋಬರ್ ಎರಡನೇ ವಾರಕ್ಕೆ ನೆಲದಿಂದ ಮೊಳಕಾಲೆತ್ತರದವರೆಗೆ ಗೋಡೆಯ ತುಂಬ ಬೊಬ್ಬೆ ಎದ್ದಿತು. ಬೆರಳಲ್ಲಿ ಒತ್ತಿದರೆ ಒಳಗಿಂದ ಬಿಳೀ ಉಪ್ಪಿನ ಪುಡಿ ಉದುರುತ್ತಿತ್ತು. ಮಳೆಗಾಲದುದ್ದಕ್ಕೂ ನೀರು ಕುಡಿದ ಮಣ್ಣುಗೋಡೆ ಆ ನೀರನ್ನು ಹೊರಕ್ಕೆ ಬಿಡಲೇಬೇಕು. ಹೊರಮೈಗೆ ಪ್ಲಾಸ್ಟಿಕ್ಕಿನ ಹೊದಿಕೆ ಬಿದ್ದರೆ ನೀರು ಅದನ್ನೇ ತಳ್ಳಿ ಎಬ್ಬಿಸುತ್ತದೆ. ಪೇಂಟಿನವರದು ತಪ್ಪಿಲ್ಲ, ನಾನು ಹೇಳಿದ್ದನ್ನು ಅವರು ಮಾಡಿದರು.

ಮಗಳು, ಅಳಿಯ, ಮಕ್ಕಳು ಸೆಪ್ಟೆಂಬರ್ 27ರಂದು ರೈಲಿನಲ್ಲಿ ಹಾಸನಕ್ಕೆ ಬಂದಿಳಿದರು. ನೆಲಮಂಗಲ, ಶ್ರವಣಬೆಳಗೊಳದ ಮೇಲೆ ಬರುವ ಈ ಹಳಿ 2017ರಲ್ಲಿ ಶುರುವಾಯಿತು. ನಾನು ಮದುವೆಯಾಗಿ ಬಂದ ಕಾಲದಲ್ಲಿ ಬೆಂಗಳೂರಿಂದ ಹಾಸನಕ್ಕೆ ರೈಲೆಂದರೆ ಅರಸೀಕೆರೆಯನ್ನೋ ಮೈಸೂರನ್ನೋ ಸುತ್ತಿಕೊಂಡೇ ಬರಬೇಕಿತ್ತು. ಊರಿಗೆ ಮರಳುವ ಧೈರ್ಯ ನಮಗೆ ಬಂದದ್ದರಲ್ಲಿ ಈ ರೈಲಿನ ಪಾಲೂ ಇದೆ.

ಬಂದ ಮಾರನೇ ದಿನ ಮೊಮ್ಮಗಳನ್ನು ಕೂರಿಸಿಕೊಂಡು ಬಾವಿಯ ಲೆಕ್ಕ ಮಾಡಿದೆ. ಮಳೆಗಾಲ ಮುಗಿದಾಗ ಬಾವಿ ನೀರು ಮೇಲಕ್ಕೆ ಬಂದಿರುತ್ತದೆ, ಸುತ್ತಲಿನ ಕೊಳೆಯೂ ಇಳಿದಿರುತ್ತದೆ. ಒಂದು ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆ ಬ್ಲೀಚಿಂಗ್ ಪೌಡರ್ ಹಾಕಬೇಕು ಅನ್ನುವುದು ನನಗೆ ಗೊತ್ತಿತ್ತು. ಬಾವಿಯಲ್ಲಿ ಎಷ್ಟು ಲೀಟರ್ ಇದೆ ಅಂತ ತಿಳಿಯಬೇಕಲ್ಲ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟೆವು. ಒದ್ದೆಯಾದ ಹಗ್ಗ ನಾಲ್ಕು ಮೀಟರ್. ಬಾವಿಯ ಅಡ್ಡಗಲ ಒಂದೂವರೆ ಮೀಟರ್. ಒಂದೂವರೆಯ ವರ್ಗ 2.25, ಅದಕ್ಕೆ 3.14, ಅದನ್ನು ನಾಲ್ಕರಿಂದ ಭಾಗಿಸಿ ಆಳ ನಾಲ್ಕರಿಂದ ಗುಣಿಸಿದರೆ ಏಳು ಘನ ಮೀಟರಿಗಿಂತ ಚೂರು ಜಾಸ್ತಿ. ಅಂದರೆ ಏಳು ಸಾವಿರ ಲೀಟರ್, ಹದಿನೆಂಟು ಗ್ರಾಂ ಪುಡಿ. "ಇಷ್ಟೇನಾ ಅಜ್ಜಿ?" ಅಂದಳು ಹುಡುಗಿ. ಅಡುಗೆಮನೆ ತಕ್ಕಡಿಯಲ್ಲಿ ತೂಗಿ, ಬಕೆಟ್ಟಿನಲ್ಲಿ ಸ್ವಲ್ಪ ನೀರಿಗೆ ಕಲಸಿ, ಆಮೇಲೆ ನೀರು ತುಂಬಿಸಿ ಹತ್ತು ನಿಮಿಷ ಬಿಟ್ಟೆವು. ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಅದನ್ನು ಹಗ್ಗದಲ್ಲಿ ಬಾವಿಗೆ ಇಳಿಸಿ ಮೇಲೆ ಕೆಳಗೆ ಆಡಿಸಿದೆವು. ತಳದ ಗಷ್ಟನ್ನು ಬಾವಿಗೆ ಹಾಕಬಾರದು. ಒಂದು ಗಂಟೆ ಕಾಲ ಯಾರೂ ನೀರು ಸೇದಲಿಲ್ಲ. ಕುಡಿಯುವ ನೀರನ್ನು ಈಗಲೂ ಕಾಯಿಸಿಯೇ ಕುಡಿಯುತ್ತೇವೆ. ಮೂವತ್ತು ವರ್ಷ ಬೋರ್ಡಿನ ಮೇಲೆ ಸಿಲಿಂಡರಿನ ಘನಫಲ ಹೇಳಿಕೊಟ್ಟಿದ್ದೇನೆ. ಅದನ್ನು ಬಾವಿಕಟ್ಟೆಯ ಮೇಲೆ ಕೂತು ಹೇಳಿಕೊಟ್ಟದ್ದು ಅದೇ ಮೊದಲು, ಆ ಮಗು ಅದನ್ನು ಮರೆಯುವುದಿಲ್ಲ ಅಂತ ನನಗೆ ನಂಬಿಕೆ.

29ರ ಬೆಳಗ್ಗೆ ನಮ್ಮನೆಯವರು ಬಚ್ಚಲುಮನೆಯ ಹಾಸುಗಲ್ಲಿನ ಮೇಲೆ ಜಾರಿದರು. ಹಂಡೆ ಒಲೆಯ ಕಟ್ಟೆ ಹಿಡಿದದ್ದರಿಂದ ತಲೆ ಉಳಿಯಿತು, ಬಲಗೈ ಮಣಿಕಟ್ಟು ಉಳುಕಿತು. ಹಾಸನದಲ್ಲಿ ಎಕ್ಸ್‌ರೇ ತೆಗೆಸಿ, ಮೂಳೆ ಮುರಿದಿಲ್ಲ ಅಂತ ತಿಳಿದು ವಾಪಸ್ ಬರುವಾಗ ಕಾರಿನಲ್ಲಿ ಮಗಳು ಒಂದೇ ಸಮ ಕಿಟಕಿ ಕಡೆಗೇ ನೋಡುತ್ತಿದ್ದಳು. ಮನೆಗೆ ಬಂದು ನನ್ನ ನೋಟ್‌ಬುಕ್ ಕೇಳಿ ತೆಗೆದುಕೊಂಡಳು. ಮಕ್ಕಳ ರೂಮಿನ ಸಾಲಿನ ಮೇಲೆ ಬೆರಳಿಟ್ಟು ಹೇಳಿದಳು: "ಅಮ್ಮಾ, ನಾವು ವರ್ಷಕ್ಕೆ ಹತ್ತು ದಿನ ಬರ್ತೀವಿ. ಚಾಪೆ ಹಾಕ್ಕೊಂಡು ಇಲ್ಲೇ ಮಲಗ್ತೀವಿ. ಉಳಿದ ಮುನ್ನೂರೈವತ್ತೈದು ದಿನ ಈ ಬಚ್ಚಲಿಗೆ ಹೋಗೋರು ಅಪ್ಪ, ನೀನು. ದುಡ್ಡು ಅಲ್ಲಿ ಹಾಕು."

ನನಗೆ ಮೊದಲು ನೋವಾಯಿತು. ನಾನು ಅವರಿಗೋಸ್ಕರ ಅಂತ ಎತ್ತಿಟ್ಟದ್ದನ್ನು ಬೇಡ ಅಂದಳಲ್ಲ ಅಂತ. ರಾತ್ರಿಯಿಡೀ ಯೋಚಿಸಿದೆ. ಅವಳು ಹೇಳಿದ್ದೇ ಲೆಕ್ಕ. ಬೆಳಗ್ಗೆ ಎದ್ದು ಪಟ್ಟಿಯಲ್ಲಿ ಆ ಸಾಲನ್ನು ಹೊಡೆದುಹಾಕಿದೆ. ಇದನ್ನು ಓದುವ ನಿವೃತ್ತರಿಗೆ ನಾನು ಮನಸ್ಸಿಟ್ಟು ಹೇಳುವುದು ಇದೊಂದೇ: ಬಂದು ಹೋಗುವವರಿಗೆ ಅಂತ ಮನೆ ಕಟ್ಟಿಸಬೇಡಿ, ಇರುವವರಿಗೆ ಅಂತ ಸರಿಮಾಡಿಸಿ. ನಾವು ಚೆನ್ನಾಗಿದ್ದರೆ ಮಕ್ಕಳು ಬರುತ್ತಾರೆ. ನಾವು ಬಿದ್ದು ಮಲಗಿದರೆ ಅವರು ಬಂದರೂ ಅದು ಹಬ್ಬವಲ್ಲ.

ಅಕ್ಟೋಬರ್ 1ರ ಆಯುಧಪೂಜೆಗೆ ಸ್ಪ್ಯಾನರು, ಸುತ್ತಿಗೆ, ಮಾವನವರ ಕಾಲದ ಕುಡುಗೋಲು, ಈಳಿಗೆಮಣೆ, ಅಳಿಯನ ಲ್ಯಾಪ್‌ಟಾಪು ಎಲ್ಲ ಒಂದೇ ಜಮಖಾನದ ಮೇಲೆ ಕೂತವು. ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಅಜ್ಜನ ಬದಲು ಮೊಮ್ಮಗನೇ ಒಂದೊಂದಕ್ಕೂ ಅರಿಶಿನ ಕುಂಕುಮ ಇಟ್ಟ. ಸಂಜೆ ಓರಗಿತ್ತಿ ಮನೆಯಿಂದ ಕಡುಬು ಬಂತು, ನಮ್ಮಿಂದ ಪಾಯಸ ಹೋಯಿತು.

ಹೆಂಚಿನವರು 3ನೇ ತಾರೀಖು ಬಂದರು. ಎಪ್ಪತ್ತರ ಹತ್ತಿರದ ಹಿರಿಯರು, ಜೊತೆಗೆ ಇಬ್ಬರು ಹುಡುಗರು. ಹೆಂಚು ಕೈಯಾಡಿಸುವ ಕಾಲ ಏಪ್ರಿಲ್-ಮೇ ತಿಂಗಳು, ಮುಂಗಾರಿಗೆ ಮುಂಚೆ. ಆಶ್ವಯುಜದಲ್ಲಿ ಆಗ ಇನ್ನೂ ಹಸ್ತ ಮಳೆ ನಡೆದಿತ್ತು, ಅದರ ಹಿಂದೆಯೇ ಚಿತ್ತೆ. ಕುರುಡು ಚಿತ್ತೆ ಅಂತಾರೆ, ಎಲ್ಲಿ ಎರಚುತ್ತದೋ ಗೊತ್ತಿಲ್ಲ. "ಈಗ ಬೇಡ ಅಂದ್ರೆ ಮೇವರೆಗೂ ತೊಟ್ಟಿಕ್ತಾನೇ ಇರ್ತದೆ ಮೇಷ್ಟ್ರಮ್ಮ. ಮಾಡನ, ಆದ್ರೆ ಬೆಳಿಗ್ಗೆ ಬಿಚ್ಚಿದ್ದನ್ನ ಮೂರು ಗಂಟೆಗೆ ಮುಚ್ಬೇಕು" ಅಂದರು ಅವರು. ಈ ತಿಂಗಳಲ್ಲಿ ಗುಡುಗು ಮಳೆ ಬರುವುದು ಮಧ್ಯಾಹ್ನದ ಮೇಲೆಯೇ. ಹಾಗಾಗಿ ದಿನಕ್ಕೆ ಸೂರಿನ ಒಂದು ತುಂಡು ಮಾತ್ರ. ಎಂಟುನೂರು ಚದರಡಿ ಸೂರಿಗೆ ಆರು ದಿನ ಹಿಡಿಯಿತು. ಹೊಸ ಟಾರ್ಪಾಲು ಎರಡು ಮೊದಲೇ ತಂದಿಟ್ಟುಕೊಂಡಿದ್ದೆವು. ಎರಡು ಮಧ್ಯಾಹ್ನ ಅವೇ ನಮ್ಮನ್ನು ಉಳಿಸಿದವು.

ಸೋರುವ ಜಾಗ ಹುಡುಕುವ ವಿಧಾನವನ್ನು ಆ ಹಿರಿಯರು ತೋರಿಸಿಕೊಟ್ಟರು. ನಡು ಹಗಲಿನಲ್ಲಿ ಅಟ್ಟ ಹತ್ತಿ, ಕಿಟಕಿ ಬಾಗಿಲು ಮುಚ್ಚಿ, ಕಣ್ಣು ಕತ್ತಲಿಗೆ ಒಗ್ಗುವವರೆಗೆ ಸುಮ್ಮನೆ ಕೂರಬೇಕು. ಬಿರುಕಿದ್ದಲ್ಲೆಲ್ಲ ಬೆಳಕು ಸೂಜಿಮೊನೆಯ ಹಾಗೆ ಇಳಿಯುತ್ತದೆ. ಅಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು. ಆದರೆ ನೀರು ನೆಲಕ್ಕೆ ಬೀಳುವ ಜಾಗವೂ ಸೂರಿನಲ್ಲಿ ತೂತಿರುವ ಜಾಗವೂ ಒಂದೇ ಅಲ್ಲ. ಸೂರಿನ ಇಳಿಜಾರು ಮರ, ಅಂದರೆ ಪಕಾಸಿಯ ಮೇಲೆ ಹರಿದು ಎರಡು ಮಾರು ದೂರ ಬಂದು ಬೀಳುತ್ತದೆ. ಎಡೆಯ ಮೇಲೆ ಬಿದ್ದ ಹನಿ ಹೊರಟದ್ದು ದೇವರ ಕೋಣೆಯ ಮೇಲಿಂದ.

ಒಡೆದ ಹೆಂಚು ಎಂಬತ್ತರ ಹತ್ತಿರ ಇದ್ದವು. ಪೇಟೆಯಿಂದ ಹೊಸದು ತರಿಸೋಣ ಅಂತ ನಾನಂದೆ. ಅವರು ಬೇಡ ಅಂದರು. ಒಂದೊಂದು ಕಾರ್ಖಾನೆಯ ಹೆಂಚಿನ ತೋಡು, ತುಟಿ ಒಂದೊಂದು ಅಳತೆ. ಬೇರೆ ಬೇರೆ ಕಡೆಯವನ್ನು ಒಟ್ಟಿಗೆ ಕೂರಿಸಿದರೆ ಸಂದು ಉಳಿದೇ ಉಳಿಯುತ್ತದೆ. ನಮ್ಮ ಹೆಂಚಿನ ಬೆನ್ನ ಮೇಲಿದ್ದ ಮುದ್ರೆ ನೋಡಿ, ಅದೇ ಮುದ್ರೆಯ ಹಳೇ ಹೆಂಚನ್ನು ಪಕ್ಕದ ಊರಲ್ಲಿ ಬಿಚ್ಚಿದ ಮನೆಯೊಂದರಿಂದ ನೂರು ತಂದರು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಘಟ್ಟದ ಮೇಲಿನ ನಮ್ಮ ಹುಲ್ಲು ಮನೆಗಳು ಒಂದೊಂದಾಗಿ ಹೆಂಚಿನ ಮನೆಯಾದದ್ದು. ಮಾವನವರ ಅಪ್ಪ ಎತ್ತಿನ ಗಾಡಿಯಲ್ಲಿ ಹೊರಿಸಿ ತಂದ ಹೆಂಚು ಇನ್ನೂ ಬಾಗಿಲ್ಲ. ಹಾಳಾಗಿದ್ದು ಮರ. ಸೂರಿನ ಅಂಚಿನಲ್ಲಿ ಪಕಾಸಿಗಳ ತುದಿ ಕೊಳೆತು, ಗೆದ್ದಲು ಹತ್ತಿ, ಬೆರಳಿಟ್ಟರೆ ಪುಡಿಯಾಗುತ್ತಿತ್ತು. ಅವನ್ನು ಕತ್ತರಿಸಿ ಹೊಸ ಮರ ಜೋಡಿಸಿ, ಹೆಂಚು ಕೂರುವ ಅಡ್ಡಪಟ್ಟಿ ರೀಪುಗಳಲ್ಲಿ ಮೂರನೇ ಒಂದು ಭಾಗ ಬದಲಿಸಿದೆವು. ಅಡುಗೆಮನೆ ಮೇಲೆ ಎರಡು ಗಾಜಿನ ಹೆಂಚು ಕೂರಿಸಿದೆವು, ಹಗಲು ದೀಪದ ಕೆಲಸವಿಲ್ಲ. ಮರ, ಹೆಂಚು, ಕೂಲಿ ಸೇರಿ ಅರವತ್ತೆಂಟು ಸಾವಿರ ಆಯಿತು. ನಾಲ್ಕು ಲಕ್ಷದಲ್ಲಿ ಇದಕ್ಕಿಂತ ಸಾರ್ಥಕವಾದ ಖರ್ಚು ಇನ್ನೊಂದಿಲ್ಲ.

ಸೂರು ಮುಗಿದ ಮೇಲೆ ವೈರಿಂಗ್ ಸಾಮಾನಿಗೆ ಅಂತ ಹಾಸನಕ್ಕೆ ಹೊರಟೆ. ಶಕ್ತಿ ಯೋಜನೆಯಿಂದ ನನಗೆ ಬಸ್ಸಿನ ಖರ್ಚಿಲ್ಲ, ಆಧಾರ್ ತೋರಿಸಿದರೆ ಸಾಕು. ಹಾಗಾಗಿ ಆ ತಿಂಗಳು ಸಣ್ಣಪುಟ್ಟ ಸಾಮಾನಿಗೆಲ್ಲ ನಾನೇ ಓಡಾಡಿದೆ. ಆದರೆ ಅವತ್ತು ದಿನ ತಪ್ಪು. ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಬಾಗಿಲು ತೆರೆಯುತ್ತದೆ, ಆ ವರ್ಷ ಅದು ಅಕ್ಟೋಬರ್ 9. ವರ್ಷಕ್ಕೊಂದೇ ಸಲ ಕಾಣಸಿಗುವ ಅಮ್ಮನನ್ನು ನೋಡಲು ರಾಜ್ಯದ ಮೂಲೆಮೂಲೆಯಿಂದ ಜನ. ಮರುದಿನ ಬಸ್ಸಿಳಿದು ಕಟ್ಟಿನಕೆರೆ ಮಾರುಕಟ್ಟೆ ಕಡೆ ಹೋಗುವಷ್ಟರಲ್ಲಿ ಅರ್ಧ ದಿನ ಕಳೆಯಿತು. ಎಲೆಕ್ಟ್ರಿಷಿಯನ್ ಹುಡುಗನೂ ದೀಪಾಲಂಕಾರದ ಕೆಲಸಕ್ಕೆ ಹೋಗಿದ್ದ. ಹಾಸನ ಸುತ್ತಮುತ್ತ ಮನೆ ಕೆಲಸ ಇಟ್ಟುಕೊಳ್ಳುವವರು ಪೇಟೆಯ ಖರೀದಿಯನ್ನೆಲ್ಲ ಆ ಗುರುವಾರದ ಮುಂಚೆ ಮುಗಿಸಿ, ಇಲ್ಲ ಬಲಿಪಾಡ್ಯಮಿ ಕಳೆಯುವವರೆಗೆ ಕಾಯಿರಿ. ಆ ದಿನ ನಾನು ದೇವಸ್ಥಾನದ ಸಾಲು ನೋಡಿ ದೂರದಿಂದಲೇ ಕೈಮುಗಿದು ಬಂದೆ. ಆಮೇಲೆ ಮಗ, ಸೊಸೆ ಬಂದಾಗ ಬೆಳಗಿನ ಜಾವಕ್ಕೇ ಹೋಗಿ ನಿಂತು ದರ್ಶನ ಮಾಡಿದೆವು.

ವೈರಿಂಗ್ ಬಗ್ಗೆ ಎರಡೇ ಮಾತು. ನಮ್ಮ ಮನೆಗೆ ಅರ್ತಿಂಗೇ ಇರಲಿಲ್ಲ. ಹಿತ್ತಲಲ್ಲಿ ಗುಂಡಿ ತೆಗೆಸಿ, ಇದ್ದಿಲು ಉಪ್ಪು ತುಂಬಿಸಿ ಅರ್ತಿಂಗ್ ಮಾಡಿಸಿದೆವು. ಮೀಟರಿನ ಪಕ್ಕ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್ಚು, ಹಾಕಿಸಿದೆವು. ಒದ್ದೆ ಕೈಯಲ್ಲಿ ಗೀಸರ್ ಮುಟ್ಟುವ ವಯಸ್ಸಾದವರ ಮನೆಯಲ್ಲಿ ಇವೆರಡು ಇಲ್ಲದೆ ಇರಬಾರದು.

ಇನ್ನು ಬಚ್ಚಲುಮನೆ. ಇದಕ್ಕೆ ನಾವು ಕೊಟ್ಟಷ್ಟು ತಲೆ ಬೇರೆ ಯಾವುದಕ್ಕೂ ಕೊಡಲಿಲ್ಲ. ಹಂಡೆ ಒಲೆ ಇರುವ ಹಳೇ ಬಚ್ಚಲನ್ನು ಹಾಗೇ ಉಳಿಸಿಕೊಂಡು, ಮಲಗುವ ಕೋಣೆಗೆ ಅಂಟಿದ್ದ ಕಣಜದ ಕೋಣೆಯನ್ನು ಹೊಸ ಬಚ್ಚಲು ಮಾಡಿದೆವು. ಅಂಗಳ ದಾಟಿ ಕತ್ತಲಲ್ಲಿ ಹೋಗುವುದು ತಪ್ಪಿತು. ನೆಲಕ್ಕೆ ಒರಟು ಟೈಲ್ಸ್, ಒದ್ದೆ ಮಾಡಿ ಬರಿಗಾಲಲ್ಲಿ ಉಜ್ಜಿ ನೋಡಿಯೇ ಆರಿಸಿದ್ದು. ಬಾಗಿಲು ಹೊರಕ್ಕೆ ತೆರೆಯಬೇಕು. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ಅವರ ಮೈಯೇ ತಡೆಯುತ್ತದೆ. ಕಮೋಡನ್ನು ನೆಲದ ಮಟ್ಟಕ್ಕಿಂತ ಚೂರು ಎತ್ತರಿಸಿ, ಕೂರುವ ಮಟ್ಟ ಹದಿನೆಂಟು ಅಂಗುಲ ಬರುವಂತೆ ಕೂರಿಸಿದೆವು, ಮಂಡಿ ನೋವಿನವರಿಗೆ ಎದ್ದೇಳುವುದು ಸಲೀಸು. ಹೊಸ್ತಿಲು ತೆಗೆಸಿ, ನೀರು ಹೊರಬರದ ಹಾಗೆ ನೆಲಕ್ಕೆ ಸಣ್ಣ ಇಳಿಜಾರು ಕೊಟ್ಟೆವು.

ಹಿಡಿದುಕೊಳ್ಳುವ ಕಂಬಿಯನ್ನು ಮಗಳು ಬೆಂಗಳೂರಿಂದ ಕಳಿಸಿದ್ದಳು. ಪ್ಲಂಬರ್ ಅದನ್ನು ಗೋಡೆಗೆ ಡ್ರಿಲ್ ಮಾಡಿ ತಿರುಪು ಹಾಕಿ ಹೋದರು. ನಮ್ಮನೆಯವರು ಎಡಗೈಯಲ್ಲಿ ಒಂದು ಸಲ ಜಗ್ಗಿದರು, ಕಂಬಿ ಮಣ್ಣಿನ ಸಮೇತ ಕೈಗೆ ಬಂತು. ಮಣ್ಣುಗೋಡೆಯಲ್ಲಿ ತಿರುಪು ನಿಲ್ಲುವುದಿಲ್ಲ. ಬೀಳುವಾಗ ಹಿಡಿದ ಕಂಬಿ ಕಿತ್ತು ಬಂದರೆ ಕಂಬಿ ಇಲ್ಲದ್ದಕ್ಕಿಂತ ಅಪಾಯ. ಬಸ್ಸಿನ ಬಾಡಿ ಕಟ್ಟಿದವರಿಗೆ ಅದಕ್ಕೆ ದಾರಿ ಹೊಳೆಯಿತು. ಗೋಡೆಯ ಆಚೆ ಬದಿಗೆ ಅಂಗೈ ಅಗಲದ ಕಬ್ಬಿಣದ ಪಟ್ಟಿ ಇಟ್ಟು, ಗೋಡೆ ಪೂರ್ತಿ ತೂರಿ ಬರುವ ಉದ್ದನೆಯ ಬೋಲ್ಟ್ ಹಾಕಿ ಎರಡೂ ಕಡೆ ನಟ್ಟು ಬಿಗಿಸಿದರು. ನೆಲದಿಂದ ಎತ್ತರ ಮೂವತ್ತನಾಲ್ಕು ಅಂಗುಲ, ನಾವಿಬ್ಬರೂ ನಿಂತು ಕೈ ಚಾಚಿ ಗುರುತು ಹಾಕಿದ್ದು. ಮೈದುನ ಜೋತುಬಿದ್ದು ನೋಡಿದ ಮೇಲೆಯೇ ಅವರು ಸ್ಪ್ಯಾನರ್ ಕೆಳಗಿಟ್ಟದ್ದು.

ಬೊಬ್ಬೆ ಎದ್ದ ನಡುಮನೆಯನ್ನು 12ರಿಂದ ಕೆರೆದೆವು. ಪುಟ್ಟಿಯನ್ನೆಲ್ಲ ತೆಗೆದು, ಫ್ಯಾನ್ ಹಾಕಿ, ಬಾಗಿಲು ತೆರೆದು ಗೋಡೆಗೆ ನಾಲ್ಕು ದಿನ ಗಾಳಿ ಕೊಟ್ಟೆವು. ಅಷ್ಟರಲ್ಲಿ ಓರಗಿತ್ತಿ ಹೇಳಿದಂತೆ ಸುಟ್ಟ ಸುಣ್ಣ ತಂದು ಹಳೇ ಕಬ್ಬಿಣದ ಡ್ರಮ್ಮಿನಲ್ಲಿ ನೀರಿಗೆ ಹಾಕಿದ್ದೆವು. ಸುಣ್ಣ ನೀರಿಗೆ ಬಿದ್ದ ಕೂಡಲೇ ಕೊತಕೊತ ಕುದಿಯುತ್ತದೆ. ಮಕ್ಕಳು ಹತ್ತಿರ ಇರಬಾರದು, ಕಣ್ಣಿಗೆ ಕನ್ನಡಕ ಬೇಕು, ಪ್ಲಾಸ್ಟಿಕ್ ಬಕೆಟ್ ಬೇಡ. ನೀರಿಗೆ ಸುಣ್ಣ ಹಾಕಬೇಕೇ ಹೊರತು ಸುಣ್ಣದ ಮೇಲೆ ನೀರು ಸುರಿಯಬಾರದು. ಐದು ದಿನ ನೆನೆದ ಮೇಲೆ ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿ, ಒಂದು ಹಿಡಿ ಉಪ್ಪು, ಚಿಟಿಕೆ ನೀಲಿ ಹಾಕಿದೆವು. ಗೋಡೆಗೆ ಮೊದಲು ನೀರು ಚಿಮುಕಿಸಿ ಆಮೇಲೆ ಬಳಿಯಬೇಕು. ಹಸಿಯಾಗಿದ್ದಾಗ ಏನೂ ಬಳಿದೇ ಇಲ್ಲವೇನೋ ಅನ್ನಿಸುತ್ತದೆ, ಒಣಗುತ್ತಾ ಬೆಳ್ಳಗಾಗುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಸುಣ್ಣ ಮತ್ತೆ ಕಲ್ಲಾಗುವ ಕ್ರಿಯೆ ಅದು. ತೆಳ್ಳಗೆ ಮೂರು ಸಲ ಬಳಿದೆವು. ಗೋಡೆ ಉಸಿರಾಡುತ್ತದೆ, ಒಳಗಿನ ತೇವ ಹೊರಗೆ ಹೋಗುತ್ತದೆ. ಕೈ ಒರಸಿದರೆ ಚೂರು ಬಿಳಿ ಅಂಟುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಖರ್ಚು ಎರಡು ಸಾವಿರವೂ ಆಗಲಿಲ್ಲ.

ಕಾಗದಪತ್ರದ ಕೆಲಸಕ್ಕೆ ಗುರುವಾರಗಳನ್ನು ಇಟ್ಟುಕೊಂಡಿದ್ದೆವು. ಆಧಾರ್ ವಿಳಾಸ, ಗ್ಯಾಸ್, ಮತದಾರರ ಪಟ್ಟಿಗೆ ನಮೂನೆ 8. ನಮ್ಮನೆಯವರದು ಇಪಿಎಸ್-95, ಅಂದರೆ ಪಿಎಫ್ ಇಲಾಖೆಯ ಪಿಂಚಣಿ. 2025ರ ಜನವರಿಯಿಂದ ಅದನ್ನು ದೇಶದ ಯಾವ ಬ್ಯಾಂಕ್ ಶಾಖೆಯಲ್ಲಾದರೂ ಪಡೆಯಬಹುದಾದ್ದರಿಂದ ಊರು ಬದಲಾಗಿದ್ದಕ್ಕೆ ಕಡತ ಎಲ್ಲಿಗೂ ಹೋಗಬೇಕಾಗಲಿಲ್ಲ. ಅವರ ಜೀವಿತ ಪ್ರಮಾಣಪತ್ರವನ್ನು ವರ್ಷದಲ್ಲಿ ಯಾವಾಗ ಕೊಟ್ಟರೂ ಅಲ್ಲಿಂದ ಹನ್ನೆರಡು ತಿಂಗಳು ನಡೆಯುತ್ತದೆ, ನನ್ನದನ್ನು ನವೆಂಬರಿನಲ್ಲಿ ಕೊಡಬೇಕು. ಇದನ್ನು ಮೊಬೈಲಿನಲ್ಲಿ ಮುಖ ತೋರಿಸಿ ಮಾಡಬಹುದು, ಇಲ್ಲವೇ ಅಂಚೆಯವರೇ ಮನೆಗೆ ಬಂದು ಮಾಡಿಕೊಡುತ್ತಾರೆ.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ತಾಗಿದ್ದು ಬೇರೆಯೇ ಒಂದು ಕಾಗದ. ಆ ತಿಂಗಳು ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಯುತ್ತಿತ್ತು. ಬಾಗಿಲಿನ ಪಕ್ಕ ಸ್ಟಿಕರ್ ಅಂಟಿಸಿದ್ದರು. ಒಂದು ಮಧ್ಯಾಹ್ನ ಪ್ರಾಥಮಿಕ ಶಾಲೆಯ ಮೇಡಂ ಒಬ್ಬರು ಬಂದು ಜಗಲಿಯಲ್ಲಿ ಕೂತು ಅರವತ್ತು ಪ್ರಶ್ನೆ ಕೇಳಿದರು. ನೆಟ್‌ವರ್ಕ್ ಸಿಗದೆ ತೋಟದ ಬೇಲಿಯವರೆಗೆ ಮೊಬೈಲ್ ಹಿಡಿದುಕೊಂಡು ಹೋಗಿ ಬಂದರು. ಇಂಥ ಡ್ಯೂಟಿಗಳನ್ನು ನಾನೂ ಮಾಡಿದವಳು, ಬಿಸಿಲಲ್ಲಿ ಬಂದವರಿಗೆ ಮೊದಲು ಒಂದು ಲೋಟ ನೀರು, ಆಮೇಲೆ ಉತ್ತರ. "ಈ ಮನೇಲಿ ಎಷ್ಟು ಜನ ವಾಸ ಇದೀರಿ ಮೇಡಂ?" ಅಂದರು. "ಇಬ್ಬರು" ಅಂದೆ. ಏಳು ವರ್ಷದಿಂದ ಬೀಗ ಹಾಕಿದ್ದ ಮನೆಗೆ ಇಬ್ಬರು ಅಂತ ಬರೆಸಿದ ಆ ಕ್ಷಣ ನನಗೆ ಕಣ್ಣು ತುಂಬಿತು.

ಊರಿಗೆ ಒಗ್ಗುವುದು ಅಷ್ಟು ಬೇಗ ಆಗಲಿಲ್ಲ, ಅದನ್ನೂ ಹೇಳಬೇಕು. ಬೆಂಗಳೂರಲ್ಲಿ ಐದೂವರೆಗೆ ಎದ್ದು ಪಾರ್ಕಿಗೆ ಹೋಗುತ್ತಿದ್ದವರು ನಾವು. ಇಲ್ಲಿ ಮೂರನೇ ದಿನವೇ ಮೈದುನ ತಡೆದರು: "ಅತ್ಗೆ, ಬೆಳಕು ಹರೀದೆ ಗೇಟು ತೆಗೀಬೇಡಿ, ಆನೆ ಓಡಾಡ್ತಾ ಅವೆ." ಆಲೂರು, ಸಕಲೇಶಪುರ ಸೀಮೆಗೆ ಇದು ಹೊಸದಲ್ಲ. ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆನೆ ಯಾವ ತೋಟದಲ್ಲಿದೆ ಅಂತ ಸಂದೇಶ ಬರುತ್ತದೆ, ಅದನ್ನು ನೋಡದೆ ಹೊರಡುವ ಹಾಗಿಲ್ಲ. ನಮ್ಮ ನಡಿಗೆ ಈಗ ಏಳೂವರೆಯ ಮೇಲೆ. ಕತ್ತಲಾದ ಮೇಲಿನ ಮೌನಕ್ಕೆ ನನಗೆ ಹದಿನೈದು ದಿನ ನಿದ್ದೆ ಬರಲಿಲ್ಲ.

ಮಗ, ಸೊಸೆ 18ರಂದು ಬಂದರು. ನೀರು ತುಂಬುವ ಹಬ್ಬದ ಸಂಜೆ ಹಳೇ ಬಚ್ಚಲಿನ ಹಂಡೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಬಳ್ಳಿ ಸುತ್ತಿ, ಬಾವಿ ನೀರು ತುಂಬಿದೆವು. ನಾಲ್ಕು ಗಂಟೆಗೇ ಎದ್ದು ಒಲೆ ಉರಿಸಿದ್ದು ಸೊಸೆ. ಎಣ್ಣೆ ನೀರು ಹಾಕಿಸಿಕೊಂಡವರೆಲ್ಲ ಹಳೇ ಬಚ್ಚಲಲ್ಲೇ, ನಮ್ಮನೆಯವರು ಮಾತ್ರ ಹೊಸದರಲ್ಲಿ, ಕಂಬಿ ಹಿಡಿದು. ಬಲಿಪಾಡ್ಯಮಿಯ ಬೆಳಗ್ಗೆ ಸಗಣಿಯ ಉಂಡೆಗೆ ಹುಚ್ಚೆಳ್ಳು ಹೂ ಸಿಕ್ಕಿಸಿ ಬಾಗಿಲ ಎರಡೂ ಬದಿಗೆ ಇಡುವುದನ್ನು ಮೈದುನನ ಮಗ ತೋರಿಸಿಕೊಟ್ಟ.

ಅವತ್ತು ಸಂಜೆ ದೀಪ ಹಚ್ಚುವ ಹೊತ್ತಿಗೆ ಓರಗಿತ್ತಿ ಎಂದಿನಂತೆ ಬೆಂಕಿಪೊಟ್ಟಣ ಹಿಡಿದು ನಮ್ಮ ಅಂಗಳಕ್ಕೆ ಬಂದವರು ಮೆಟ್ಟಿಲ ಹತ್ತಿರ ನಿಂತುಬಿಟ್ಟರು. "ಅಭ್ಯಾಸಬಲ ಅಕ್ಕ, ಕಾಲು ತಾನೇ ಬಂತು" ಅಂದರು. ನಾನು ಕೈಹಿಡಿದು ಒಳಗೆ ಕರೆದೆ. ದೇವರ ಮುಂದಿನ ದೀಪವನ್ನು ಅವರೇ ಹಚ್ಚಿದರು, ಹೊಸ್ತಿಲಿನದನ್ನು ನಾನು. ಈಗಲೂ ಶುಕ್ರವಾರ ಅವರೇ ಬಂದು ಹಚ್ಚುತ್ತಾರೆ, ನಾನೇ ಕೇಳಿಕೊಂಡದ್ದು.

ಆ ರಾತ್ರಿ ಚಿತ್ತೆ ಮಳೆ ಸುರಿಯಿತು. ಹೆಂಚಿನ ಮೇಲೆ ಅದರ ಸದ್ದು ಕೇಳುತ್ತಲೇ ಇಬ್ಬರಿಗೂ ಎಚ್ಚರ. ನಮ್ಮನೆಯವರು ಟಾರ್ಚ್ ಹಿಡಿದು ಒಂದೊಂದೇ ಕೋಣೆ ನೋಡಿ ಬಂದರು. ನಡುಮನೆ ಒಣಗಿತ್ತು, ದೇವರ ಕೋಣೆ ಒಣಗಿತ್ತು. ಉತ್ತರದ ಮೂಲೆಯಲ್ಲಿ, ಮೂಲೆಹೆಂಚು ಸೇರುವ ಕಡೆ, ಒಂದು ಜಾಗದಲ್ಲಿ ತೊಟ್ಟಿಕ್ಕುತ್ತಿತ್ತು. ಅಲ್ಲೊಂದು ಪಾತ್ರೆ ಇಟ್ಟು ಮಲಗಿದೆವು. ಬೆಳಗ್ಗೆ ಹೆಂಚಿನವರಿಗೆ ಫೋನ್ ಮಾಡಿದೆ.

"ಅದೊಂದೇ ಜಾಗವಾ?" ಅಂದರು.

"ಅದೊಂದೇ."

"ಸ್ವಾತಿ ಕಳೀಲಿ ಮೇಷ್ಟ್ರಮ್ಮ, ಬತ್ತೀನಿ. ಪಾತ್ರೆ ತೆಗೀಬೇಡಿ."